ಸೈಜ್ ಕೇಳಿದರೆ ಗಾಲಿಯ ಅಳತೆ ಹೇಳ್ತಾರಲ್ಲ!

ನನ್ನ ಎತ್ತರ 6 ಅಡಿ. ಎಂಟು ತಿಂಗಳು ನಾನು ಓಡಿಸಿದ ಸೈಕಲ್ಲಿನ ಫ್ರೇಮ್, ಅಂದರೆ ಗಾಲಿ ಬಿಟ್ಟು ಉಳಿಯುವ ಪೈಪುಗಳ ಚೌಕಟ್ಟು, 16 ಇಂಚು. ನನಗೆ ತೀರ ಸಣ್ಣದು. ಮೊಣಕಾಲು ಯಾಕೆ ನೋಯುತ್ತಿದೆ ಅನ್ನೋದಕ್ಕೆ ಇಷ್ಟೇ ಸಾಕು. ಇದು ಸೈಕಲ್ ಮಾರಿದವನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಗೋದಾಮಿನಲ್ಲಿದ್ದ ಮಾಲು ಸಾಗಿಸಬೇಕಿತ್ತು, ಅಷ್ಟೇ.

ದಸರೆಯ ಹಿಂದಿನ ವಾರ ವಿಜಯಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. ಸೈಜ್ ಎಷ್ಟು ಅಂತ ಬಾಯಿಬಿಟ್ಟು ಕೇಳಿದ್ದೆ. "27.5 ಐತ್ರಿ ಸರ, ದೊಡ್ಡಾವ್ರಿಗೆ ಇದ ನೋಡ್ರಿ" ಅಂದ. ನಂಬಿ 13 ಸಾವಿರ ಎಣಿಸಿ ಕೊಟ್ಟೆ. ಅವನು ಹೇಳಿದ್ದು ಗಾಲಿಯ ಅಳತೆ! ಅದೇ 27.5 ಇಂಚಿನ ಗಾಲಿ 15 ಇಂಚಿನ ಫ್ರೇಮಿಗೂ ಬರುತ್ತದೆ, 19 ಇಂಚಿನದಕ್ಕೂ ಬರುತ್ತದೆ. ನಮ್ಮ ಮೈಗೆ ಹೊಂದಬೇಕಾದದ್ದು ಫ್ರೇಮ್. ನನ್ನ ಎತ್ತರಕ್ಕೆ ಇಂಥ ಸೈಕಲ್ಲಿನಲ್ಲಿ 19 ಇಂಚಾದರೂ ಬೇಕು.

ಸಣ್ಣದಾಯ್ತಲ್ಲ ಅಂದರೆ, "ಸೀಟ್ ಮ್ಯಾಲ ಎತ್ತಿದ್ರ ಮುಗೀತ್ರಿ" ಅಂತ ಎತ್ತಿಯೇ ಬಿಟ್ಟ. ಸೀಟಿನ ಪೈಪಿನ ಮೇಲೆ ಒಂದು ಗೆರೆ ಇರುತ್ತದೆ. ಅದು ಫ್ರೇಮಿನ ಒಳಗೇ ಇರಬೇಕು. ಹೊರಗೆ ಬಂದರೆ ಒಳಗೆ ಉಳಿಯುವ ಪೈಪು ಸಾಲುವುದಿಲ್ಲ, ನಮ್ಮ ಭಾರಕ್ಕೆ ಪೈಪು ಬಾಗಬಹುದು, ಫ್ರೇಮೇ ಸೀಳಬಹುದು. ಅವನು ಎತ್ತಿದಾಗ ಆ ಗೆರೆ ಎರಡು ಬೆರಳು ಮೇಲೆ ಬಂದಿತ್ತು. ಹಾಗೇ ಕೊಟ್ಟು ಕಳಿಸಿದ. ನಡುರಸ್ತೆಯಲ್ಲಿ ಮುರಿದಿದ್ದರೆ?

ಆಮೇಲೆ ನಾನೇ ಗೆರೆಯ ತನಕ ಇಳಿಸಿದೆ. ಪೆಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಿ, ಮೊಣಕಾಲು ಸ್ವಲ್ಪವೇ ಮಡಚಿರಬೇಕು. ನನ್ನದು ಮಣೆಯ ಮೇಲೆ ಕೂತು ತುಳಿದ ಹಾಗಿತ್ತು. ಮೊಣಕಾಲಿನ ಚಿಪ್ಪಿನ ಮುಂದೆ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಇಷ್ಟಾದರೂ ಹ್ಯಾಂಡಲ್ ಸೀಟಿಗಿಂತ ಕೆಳಗೇ ಇತ್ತು. ಮೈಭಾರವೆಲ್ಲ ಅಂಗೈ ಮೇಲೆ. ಭೂತನಾಳ ಕೆರೆ ಮುಟ್ಟುವಷ್ಟರಲ್ಲಿ ಕಿರುಬೆರಳು ಜೋಮು ಹಿಡಿದಿರುತ್ತಿತ್ತು. ಮೊನ್ನೆ ಗಾಂಧಿ ಚೌಕದಲ್ಲಿ ಟಂಟಂ ಆಟೋ ಅಡ್ಡ ಬಂತು ಅಂತ ಹ್ಯಾಂಡಲ್ ತಿರುಗಿಸಿದೆ. ಅದು ಮೊಣಕಾಲಿಗೇ ಬಡಿಯಿತು. ಬಸ್ಸಿನ ಮುಂದೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ಇದನ್ನೆಲ್ಲ ಹೇಳಲು ಹೋದರೆ ಅಂಗಡಿಯವ ಏನಂದ ಗೊತ್ತಾ? "ಓಡಿಸಿದ ಮ್ಯಾಲ ವಾಪಸ್ ತಗೊಳ್ಳಂಗಿಲ್ರಿ. ರೂಢಿ ಆಗ್ತೈತಿ ಬಿಡ್ರಿ." ಎಲುಬಿಗೆ ಎಂಥ ರೂಢಿ?

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಇದು ಸೈಕಲ್ಲಿಗೇ ಹೆಸರಾದ ಸೀಮೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಬರುತ್ತಾರೆ. ನಸುಕಿನಲ್ಲಿ ಸೊಲ್ಲಾಪುರ ರಸ್ತೆಗೆ ಹೋದರೆ ಅಭ್ಯಾಸ ಮಾಡುವ ಮಕ್ಕಳು ಕಾಣುತ್ತಾರೆ. ಅವರಲ್ಲೇ ಒಬ್ಬ, ಹದಿನೈದು ವರ್ಷದವನಿರಬೇಕು, ನನ್ನ ಪಕ್ಕ ಬಂದು "ಅಣ್ಣಾ, ಫ್ರೇಮ್ ನಿಮಗ ಸಣ್ಣದಾಗೇತ್ರಿ, ಮೊಣಕಾಲ ಹೋಗ್ತಾವ" ಅಂದ. ಒಂದೇ ನೋಟಕ್ಕೆ ಆ ಹುಡುಗನಿಗೆ ತಿಳಿದದ್ದು, ದಿನಾ ಸೈಕಲ್ ಮಾರುವವನಿಗೆ ತಿಳಿಯಲಿಲ್ಲ ಅಂದರೆ ನಾನು ನಂಬಬೇಕಾ?

ನಮ್ಮ ಅಪ್ಪನ ಕಾಲದಲ್ಲಿ 22 ಬೇಕಾ, 24 ಬೇಕಾ ಅಂತ ಕೇಳುತ್ತಿದ್ದರು. ಅದು ಆಗಿನ ಕರಿ ಸೈಕಲ್ಲಿನ ಫ್ರೇಮಿನ ಅಳತೆ, ನನ್ನಂಥ ಸೈಕಲ್ಲಿನ ಲೆಕ್ಕ ಬೇರೆ. ಅಪ್ಪನೂ ಎತ್ತರದವರು. ಅವರದು 24. ತಿಕೋಟಾದಿಂದ ಆ ಕರಿ ಸೈಕಲ್ಲಿನ ಮೇಲೆ ಜೋಳದ ಚೀಲ ಹೇರಿಕೊಂಡು ಬರುತ್ತಿದ್ದರು. ಒಂದು ದಿನವೂ ಮೊಣಕಾಲು ನೋವು ಅನ್ನಲಿಲ್ಲ.

ಯಾವ ಫ್ರೇಮ್ ಹೊಂದುತ್ತದೆ ಅಂತ ತಿಳಿಯಲು ಅಳತೆ ತೆಗೆಯುವುದಕ್ಕೆ ಎರಡು ನಿಮಿಷ ಸಾಕು. ಗಿರಾಕಿಯನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಸಂದಿನಿಂದ ನೆಲದವರೆಗೆ ಟೇಪು ಹಿಡಿಯಬೇಕು. ಪ್ಯಾಂಟ್ ಹೊಲಿಯುವ ದರ್ಜಿ ಇಷ್ಟು ಮಾಡುತ್ತಾನೆ. ಚಪ್ಪಲಿ ಅಂಗಡಿಯಲ್ಲೂ ಕಾಲು ಹಾಕಿ ನೋಡಿ ಅಂತಾರೆ. 13 ಸಾವಿರದ ಸೈಕಲ್ಲಿಗೆ ಅಷ್ಟೂ ಇಲ್ಲ!

ಸೈಕಲ್ ಕೆಟ್ಟದ್ದಲ್ಲ. ಒಂಬತ್ತನೇ ಕ್ಲಾಸಿನ ಅಕ್ಕನ ಮಗ ನಿನ್ನೆ ಹತ್ತಿ ನೋಡಿದ. ಅವನಿಗೆ ಸರಿಯಾಗಿ ಕೂತಿತು. ಅವನಿಗೇ ಕೊಟ್ಟೆ. ನನಗೆ ಬೇಕಾದ ಸೈಕಲ್ಲಿಗೆ ಮತ್ತೆ ಅಷ್ಟು ದುಡ್ಡು ಕೂಡಿಡಬೇಕು. ಅಲ್ಲಿಯ ತನಕ ಕೆಲಸಕ್ಕೆ ಟಂಟಂ.