ಮಾವನಿಗೆ ತಲುಪದ ಸಿಕ್ಸರ್

"ಓಪನ್ ಆಗ್ತಿಲ್ಲ ಕಣೋ."

ಶಿವಮೊಗ್ಗದಿಂದ ಸೋದರಮಾವನ ಈ ಮೆಸೇಜ್ ಬಂದಾಗ ಲಾಸ್ ಏಂಜಲೀಸ್‌ನಲ್ಲಿ ಆಗಷ್ಟೇ ರಾತ್ರಿ ಹನ್ನೆರಡು ದಾಟಿತ್ತು. ಅಕ್ಟೋಬರ್ 27, ಸೋಮವಾರದ ಆಟ. 2025ರ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲ್ ಫೈನಲ್ ಸರಣಿಯ, ಮೂರನೇ ಪಂದ್ಯ. ನಮ್ಮ ಲಾಸ್ ಏಂಜಲೀಸ್‌ನ ಡಾಡ್ಜರ್ಸ್, ಎದುರಿಗೆ ಟೊರೊಂಟೊದ ಬ್ಲೂ ಜೇಸ್. ಬೇಸ್‌ಬಾಲ್ ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕು. ಸಮ ಆದರೆ ಯಾರಾದರೂ ಗೆಲ್ಲುವ ತನಕ ಎಳೆಯುತ್ತಾರೆ. ಅವತ್ತು ಎಳೆದೂ ಎಳೆದೂ 18ನೇ ಇನಿಂಗ್ಸ್‌ಗೆ ಹೋಯಿತು. 6 ಗಂಟೆ 39 ನಿಮಿಷ! ಕೊನೆಗೆ ನಮ್ಮ ಫ್ರೆಡ್ಡಿ ಫ್ರೀಮನ್ ಬೀಸಿದ ಏಟಿಗೆ ಚೆಂಡು ಸೆಂಟರ್ ಫೀಲ್ಡಿನ ಬೇಲಿ ದಾಟಿತು. ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. 6-5ಕ್ಕೆ ಗೆದ್ದೆವು. ನಾನು ಸೋಫಾ ಹತ್ತಿ ಕುಣಿದೆ. ಜೊತೆಗೆ ಕುಣಿಯೋಕೆ ಯಾರೂ ಇರಲಿಲ್ಲ. ಹೆಂಡತಿ, ಮಗಳು ಹತ್ತಕ್ಕೇ ಮಲಗಿದ್ದರು. (ಆಮೇಲೆ ಎದ್ದರು, ಆ ಮಾತು ಮುಂದೆ ಬರುತ್ತದೆ.)

ಊರಲ್ಲಿ ಮಧ್ಯಾಹ್ನದ ಊಟದ ಹೊತ್ತು. ಫ್ಯಾಮಿಲಿ ಗ್ರೂಪಲ್ಲಿ ಎಲ್ಲರೂ ಎಚ್ಚರ. ಇನ್ಯಾರಿಗೆ ತೋರಿಸಲಿ ಹೇಳಿ? ಆ ಏಟಿನ ವಿಡಿಯೊ ಲಿಂಕ್‌ಗಳನ್ನು ಒಂದೊಂದಾಗಿ ಕಳಿಸಿದೆ.

ಮೊದಲ ಲಿಂಕ್ ಒತ್ತಿದರೆ ಆಪ್ ಹಾಕಿಕೊಳ್ಳಿ ಅಂತು. ಎರಡನೆಯದು 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅಂತು. ಮೂರನೆಯದರಲ್ಲಿ ಇಪ್ಪತ್ತು ಸೆಕೆಂಡಿನ ಏಟಿಗೆ ಮೂವತ್ತು ಸೆಕೆಂಡಿನ ಜಾಹೀರಾತು. ಮಾವ ಅದಷ್ಟನ್ನೇ ನೋಡಿ, "ಕಾರು ಚೆನ್ನಾಗಿದೆ, ತಗೊಂಡ್ಯಾ?" ಅಂದರು. ನಾಲ್ಕನೆಯದು ಯಾರೋ ಪುಣ್ಯಾತ್ಮ ಹಾಕಿದ್ದು. ಮಾವ ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದು ಬರೋದರೊಳಗೆ ಕಾಪಿರೈಟ್ ಅಂತ ಅದನ್ನೂ ಕಿತ್ತುಹಾಕಿದ್ದರು.

ಪ್ರತಿ ಸಲವೂ ಮಾವ ಸಾಕ್ಷಿಗೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಕಪ್ಪು ಪರದೆ, ನಡುವೆ ಬಿಳಿ ಉಂಗುರ, ಮೂಲೆಯಲ್ಲಿ ಬ್ಯಾಟರಿ ಶೇಕಡಾ 6. "ಮೊದಲು ಚಾರ್ಜಿಗೆ ಹಾಕಿ ಮಾವ" ಅಂದೆ. "ಓಹ್, ಅದಕ್ಕೇ ಓಪನ್ ಆಗ್ತಿಲ್ವಾ?" ಅಂದರು.

ತಲೆ ಕೆಟ್ಟು, ಟೀವಿಯಲ್ಲಿ ಬರುತ್ತಿದ್ದ ರಿಪ್ಲೇಯನ್ನೇ ಫೋನಲ್ಲಿ ಹಿಡಿದು ಕಳಿಸಿದೆ. ಇದು ಮೊದಲ ಸಲಕ್ಕೇ ಓಪನ್ ಆಯಿತು. ಗ್ರೂಪಿನ ಹದಿನಾಲ್ಕು ಜನವೂ ನೋಡಿದರು. ಅತ್ತೆಗೆ ಕಿಟಕಿಯ ಪರದೆ ಇಷ್ಟವಾಯಿತು, ಮೀಟರಿಗೆ ಎಷ್ಟು ಅಂತ ಕೇಳಿದರು. ಟೀವಿ ಸ್ಟ್ಯಾಂಡಿನ ಮೇಲೆ ಧೂಳಿದೆ ಅಂತ ಅಮ್ಮ. ವಿಡಿಯೊ ಹಿನ್ನೆಲೆಯಲ್ಲಿ "ರೀ, ನಿಮಗೆ ಬುದ್ಧಿ ಇದ್ಯಾ? ಮಗು ಎದ್ದಿದೆ!" ಅಂತ ಕೇಳಿದ್ದಕ್ಕೆ ಚಿಕ್ಕಮ್ಮ ಗಾಬರಿಯಾಗಿ, ಮನೇಲಿ ಎಲ್ಲಾ ಸರಿಯಾಗಿದೆ ಅಲ್ವಾ ಅಂತ ಬೇರೆಯಾಗಿ ಮೆಸೇಜ್ ಮಾಡಿದರು. ಟೀವಿ ಗಾಜಿನಲ್ಲಿ ನನ್ನ ಪ್ರತಿಬಿಂಬ ಬಿದ್ದಿತ್ತಂತೆ. ಮಾವ ಅದನ್ನು ದೊಡ್ಡದು ಮಾಡಿ ನೋಡಿದ್ದಾರೆ. ತಲೆಗೆ ಡಾಡ್ಜರ್ಸ್ ಟೋಪಿ, ಕೆಳಗೆ ಲುಂಗಿ. "ಬನಿಯನ್ ತೂತಾಗಿದೆ, ಡಾಲರ್ ಸಂಬಳ ಏನ್ ಮಾಡ್ತೀಯೋ?"

ಚೆಂಡು ಮಾತ್ರ ಒಬ್ಬರಿಗೂ ಕಾಣಲಿಲ್ಲ.

ಆರೂಮುಕ್ಕಾಲು ಗಂಟೆ ಆಡಿದರು ಮಾವ, ಅಂದೆ. "ಟೆಸ್ಟ್ ಮ್ಯಾಚಲ್ಲೂ ದಿನಕ್ಕೆ ಆರೇ ಗಂಟೆ ಕಣೋ. ಮೇಲಾಗಿ ಊಟಕ್ಕೆ, ಟೀಗೆ ಬಿಡ್ತಾರೆ. ಪಾಪ, ಇವರಿಗೆ ಊಟಕ್ಕೂ ಬಿಡಲ್ವಾ?"

ಇದೇ ಮಾವ, ಚಿಕ್ಕಂದಿನಲ್ಲಿ ನನಗೆ 1975ರ ಮದ್ರಾಸ್ ಟೆಸ್ಟ್ ತೋರಿಸಿದವರು. ತೋರಿಸಿದವರು ಅಂತಲೇ ಹೇಳಬೇಕು. ನಾನಾಗ ಹುಟ್ಟಿರಲಿಲ್ಲ, ಅವರೂ ನೋಡಿರಲಿಲ್ಲ, ಸೈಕಲ್ ಶಾಪಿನ ಟ್ರಾನ್ಸಿಸ್ಟರಲ್ಲಿ ಕೇಳಿದ್ದರು ಅಷ್ಟೆ. ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ, ತಂಡದ 190ರಲ್ಲಿ ನಮ್ಮ ಭದ್ರಾವತಿ ವಿಶ್ವನಾಥ್ ಒಬ್ಬರದೇ 97 ನಾಟೌಟ್. ಮಾವ ಜಗುಲಿಯಲ್ಲಿ ನಿಂತು ಮುರಿದ ಕೊಡೆ ಹಿಡಿದು ಸ್ಕ್ವೇರ್ ಕಟ್ ಹೊಡೆಯುತ್ತಿದ್ದರು. ಆ ಚೆಂಡು ತುಳಸಿಕಟ್ಟೆಯ ಪಕ್ಕದಲ್ಲಿ ಬೌಂಡರಿಗೆ ಹೋಗಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಹಾಗಾಗಿ ನಾನೂ ಫೋನ್ ಮಾಡಿ ಬಾಯಲ್ಲೇ ಹೇಳಲು ಶುರು ಮಾಡಿದೆ. ಬ್ಯಾಟು, ಏಟು, ಬೇಲಿ, ಜನರ ಕೂಗು. ಮಾವ ಅರ್ಧಕ್ಕೇ ತಡೆದರು. "ಸುಮ್ನೆ ಬಾಯಲ್ಲಿ ಹೇಳಿದ್ರೆ ಏನ್ ಗೊತ್ತಾಗುತ್ತೋ? ಇನ್ನೊಂದು ಲಿಂಕ್ ಕಳಿಸು."

ಅದಾದ ಮೇಲೆ ಮಂಗಳವಾರ ಸೋತೆವು. ಬುಧವಾರವೂ ಸೋತೆವು. ನಾನು ಯಾರಿಗೂ ಏನೂ ಕಳಿಸಲಿಲ್ಲ. ಅಷ್ಟು ಸಲ ಒತ್ತಿದ್ದಕ್ಕೋ ಏನೋ, ಮಾವನ ಫೋನು ತಾನಾಗೇ ಬೇಸ್‌ಬಾಲ್ ತೋರಿಸತೊಡಗಿತ್ತಂತೆ. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಅವರದೇ ಮೆಸೇಜ್.

"ಓಪನ್ ಆಯ್ತು ಕಣೋ! ನಿಮ್ಮೋರು ಚೆನ್ನಾಗಿ ಸೋತಿದ್ದಾರಲ್ಲೋ."