ಅಡ್ಮಿನ್ ಎಂಬ ಮೈಸೂರು ಪೇಟ

ನಮ್ಮ ಕಂಪನಿ ಇರುವುದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನಾನು ಅಕೌಂಟ್ಸ್. ಪಕ್ಕದ ರೂಮು ಐಟಿಯವರದ್ದು. ಮಧ್ಯೆ ಇರುವುದು ಪ್ಲೈವುಡ್ ಗೋಡೆ, ಹಾಗಾಗಿ ಅವರ ಗುಟ್ಟೆಲ್ಲ ನಮಗೆ ಗೊತ್ತು. ಪಾಸ್‌ವರ್ಡ್ ಕೂಡ.

ಮೊನ್ನೆ ಬೆಂಗಳೂರಿನಿಂದ ಆಡಿಟ್‌ನವರು ಬಂದು, "ನಿಮ್ಮಲ್ಲಿ ಡೊಮೈನ್ ಅಡ್ಮಿನ್ ಎಷ್ಟು ಜನ?" ಎಂದು ಕೇಳಿದರು. ಅಂದರೆ ಇಡೀ ನೆಟ್‌ವರ್ಕಿನ ಬೀಗದ ಕೈ ಇರುವವರು. ಪಟ್ಟಿ ತೆಗೆದರೆ 23 ಹೆಸರು. ಐಟಿಯಲ್ಲಿ ಇರುವುದೇ 9 ಜನ. ಉಳಿದವರಲ್ಲಿ ಮೂವರು ಕೆಲಸ ಬಿಟ್ಟು ಕೆನಡಾಕ್ಕೆ ಹೋದವರು. 'ಟೆಸ್ಟ್', 'ಟೆಸ್ಟ್2', 'ಟೆಂಪ್', 'ಟೆಂಪ್ ಹೊಸದು' ಎಂಬ ನಾಲ್ವರನ್ನು ಯಾರೂ ಕಣ್ಣಾರೆ ಕಂಡಿಲ್ಲ. ಒಬ್ಬ ಹಿಂದೆಂದೋ ಯುಪಿಎಸ್ ರಿಪೇರಿಗೆ ಬಂದಿದ್ದವನು. ಇನ್ನು ಆರು ಜನ ಸಾಹೇಬರು.

ಈ ಹಕ್ಕು ಇದ್ದವನು ಕಂಪನಿಯ ಹೆಚ್ಚುಕಮ್ಮಿ ಎಲ್ಲ ಕಂಪ್ಯೂಟರಿಗೂ ನುಗ್ಗಬಹುದು. ಯಾರ ಪಾಸ್‌ವರ್ಡ್ ಬೇಕಾದರೂ ಬದಲಿಸಬಹುದು. ಯಾರು ಏನು ಮಾಡಿದರು ಎಂಬ ದಾಖಲೆಯನ್ನೇ (ಲಾಗ್) ಅಳಿಸಿ ಕೈ ತೊಳೆದುಕೊಳ್ಳಬಹುದು. ವೈರಸ್ ಕತೆಯೂ ಅಷ್ಟೆ. ಅದು ಯಾರ ಹೆಗಲೇರಿ ಬಂತೋ ಅವರ ಅಧಿಕಾರವೆಲ್ಲ ಅದರದ್ದೂ ಹೌದು.

ಕಡಿಮೆ ಮಾಡಬೇಕು ಅಂತ ಮೀಟಿಂಗ್ ಕರೆದರು. ವಿಚಾರ ಹೊಸದೇನಲ್ಲ. 1975ರಲ್ಲೇ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ಬರೆದಿಟ್ಟಿದ್ದಾರೆ: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ. ಎಲ್ಲರೂ ತಲೆ ಆಡಿಸಿದರು. "ಹಾಗಾದ್ರೆ ಮೊದಲು ಯಾರದ್ದು ತೆಗೆಯೋಣ?" ಎಂದ ಕೂಡಲೇ ಆಡುತ್ತಿದ್ದ ತಲೆಗಳೆಲ್ಲ ನಿಂತವು.

ನಮ್ಮ ದೊಡ್ಡ ಸಾಹೇಬರು ಅಡ್ಮಿನ್ ಹಕ್ಕನ್ನು ಇದುವರೆಗೆ ಬಳಸಿದ್ದು ಒಂದೇ ಸಲ, ಇಸ್ಪೀಟಿನ ಆಟ ಇನ್‌ಸ್ಟಾಲ್ ಮಾಡಲು. "ನಂದು 28 ವರ್ಷ ಸರ್ವಿಸ್ ಕಣ್ರೀ. ಆ ಹುಡುಗನಿಗೆ ಇರೋದು ನನಗೆ ಇರಬಾರದಾ?" ಎಂದರು. ಯಾರೂ ಮಾತಾಡಲಿಲ್ಲ. ನಮ್ಮೂರಲ್ಲಿ ದೊಡ್ಡವರು ಬಂದರೆ ಪೇಟ ತೊಡಿಸುತ್ತೇವೆ. ತೊಡಿಸಿದ ಮೇಲೆ ತೆಗೀರಿ ಅನ್ನುವುದುಂಟಾ?

ಜಂಬೂಸವಾರಿ ದಿನ ಮುಖ್ಯಮಂತ್ರಿಗಳು ಅಂಬಾರಿಗೆ ಪುಷ್ಪಾರ್ಚನೆ ಮಾಡುತ್ತಾರೆ. ಮಾಡಿ ಇಳಿದು ಹೋಗುತ್ತಾರೆ. ನಾನು ಮುಖ್ಯಮಂತ್ರಿ, ನನಗೂ ಒಂದು ಅಂಕುಶ ಕೊಡಿ ಎಂದು ಯಾವ ಪಕ್ಷದವರೂ ಕೇಳಿದ್ದು ನಾನಂತೂ ಕಂಡಿಲ್ಲ. 750 ಕೆಜಿ ಹೊತ್ತ ಆನೆ ಅದು. ಅಂಕುಶ ಮಾವುತನ ಕೈಲೇ ಇರಲಿ ಅಂತ ಎಲ್ಲರಿಗೂ ಗೊತ್ತು. ಪಾಪ, ಮಾವುತನ ಸಂಬಳದ ವಿಚಾರ ಬೇರೆ ಬಿಡಿ.

ನಮ್ಮಲ್ಲಿ ಉಲ್ಟಾ ಆಯಿತು. ಹಕ್ಕು ಕಳೆದುಕೊಂಡವರು 8 ಜನ. ಎಲ್ಲರೂ ಐಟಿಯವರೇ, ದಿನಾ ಕೀಬೋರ್ಡ್ ಕುಟ್ಟುವವರು. ಐಟಿ ಮ್ಯಾನೇಜರ್ ಒಬ್ಬರು ಉಳಿದರು. ಆರು ಸಾಹೇಬರು ಉಳಿದರು. ಕೆನಡಾದವರೂ ಉಳಿದರು, ಯಾಕೆಂದರೆ ಗೈರುಹಾಜರಾದವರ ಹಕ್ಕು ಅವರನ್ನು ಕೇಳದೆ ತೆಗೆಯುವುದು ಸರಿಯಲ್ಲ ಎಂದು ಎಚ್‌ಆರ್‌ನವರು ಹೇಳಿದರು.

ಈಗ ಒಂದು ಪ್ರಿಂಟರ್ ಡ್ರೈವರ್ ಹಾಕಬೇಕಾದರೂ ಫಾರಂ ತುಂಬಬೇಕು. ಮೂರು ಸಹಿ. ಆ ಫಾರಂ ಪ್ರಿಂಟ್ ಮಾಡಿಯೇ ಕೊಡಬೇಕು. ಸಪೋರ್ಟ್ ಹುಡುಗ ಮಂಡ್ಯದವನು, ತಣ್ಣಗೆ ನಕ್ಕ. "ನಮ್ಗೆ ಇದು ಹೊಸ್ದಲ್ಲ ಬುಡಿ ಸಾ. ಕನ್ನಂಬಾಡಿ ಗೇಟು ಎತ್ತೋರು ನಾವು, ಎಷ್ಟು ನೀರು ಬುಡ್ಬೇಕು ಅನ್ನೋ ಆರ್ಡ್ರು ಡೆಲ್ಲಿದು."

ತಿಂಗಳ ಕೊನೆಗೆ ಸಂಬಳದ ಸಾಫ್ಟ್‌ವೇರ್‌ನ ಅಕೌಂಟ್ ಲಾಕ್ ಆಯಿತು. ಬಿಡಿಸಲು ಅಡ್ಮಿನ್ನೇ ಬೇಕು. ಮ್ಯಾನೇಜರ್ ಧರ್ಮಸ್ಥಳದಲ್ಲಿ ಕ್ಯೂ ನಿಂತಿದ್ದರು, ಫೋನ್ ಸ್ವಿಚ್ ಆಫ್. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಗರಾಡಳಿತದ ಇಂಜಿನಿಯರ್ ಒಬ್ಬ ನೆಟ್‌ವರ್ಕ್ ಪಾಸ್‌ವರ್ಡ್ ಕೊಡದೆ ಜೈಲು ಸೇರಿದ್ದ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಜೈಲಿಗೇ ಹೋಗಿ ಪಡೆದುಕೊಂಡು ಬಂದರು. ನಮ್ಮ ಸಾಹೇಬರು ಚಾರ್ಮಾಡಿ ಘಾಟಿ ಇಳಿಯಲು ತಯಾರಿರಲಿಲ್ಲ.

ಆರೂ ಪೇಟಗಳು ಬಂದು ಸ್ಕ್ರೀನ್ ಸುತ್ತ ನಿಂತವು. ಒಬ್ಬರು ರೀಸ್ಟಾರ್ಟ್ ಮಾಡಿ ಅಂದರು. ಇನ್ನೊಬ್ಬರು ಮಾನಿಟರ್ ಒರೆಸಿದರು. ಕೆಲಸ ಗೊತ್ತಿದ್ದ ಮಂಡ್ಯದ ಹುಡುಗ ಅಲ್ಲೇ ಇದ್ದ, ಆದರೆ ಅವನಿಗೆ ಪಾಸ್‌ವರ್ಡ್ ಹೇಳುವುದು ಹೊಸ ನಿಯಮಕ್ಕೆ ವಿರುದ್ಧ.

ಸಂಜೆ ಯಾರೋ ಕೆನಡಾದ ಮೂವರಲ್ಲಿ ಒಬ್ಬನಿಗೆ ವಾಟ್ಸಾಪ್ ಕಾಲ್ ಮಾಡಿದರು. ಅಲ್ಲಿ ಇನ್ನೂ ಬೆಳಗಿನ ಜಾವ. ಅವನು ಕಣ್ಣುಜ್ಜಿಕೊಂಡು ತನ್ನ ಹಳೇ ಐಡಿಯಲ್ಲಿ ಒಳಗೆ ಬಂದ. ಎರಡೇ ನಿಮಿಷಕ್ಕೆ ಲಾಕ್ ಬಿಡಿಸಿ, "ಅಲ್ಲಾ ಸಾರ್, ನನ್ನ ಐಡಿ ಇನ್ನೂ ಇದೆಯಾ?" ಎಂದ.

ಸಾಹೇಬರಿಗೆ ಭಾರೀ ಖುಷಿ. ಅವನು ಊರಿಗೆ ಬಂದಾಗ ಪೇಟ ತೊಡಿಸಿ ಸನ್ಮಾನ ಮಾಡಬೇಕಂತೆ. ಖರ್ಚು ಯಾವ ಹೆಡ್‌ನಲ್ಲಿ ತೋರಿಸಲಿ ಸಾರ್ ಅಂತ ಕೇಳಿದೆ.

"ಐಟಿ ಸೆಕ್ಯುರಿಟಿ" ಅಂದರು.