ಕೊನೆಯ ಐದು ಸೆಕೆಂಡು: ಗುಂಡು ಹಾರಿಸುವ ತೀರ್ಮಾನ ಯಂತ್ರಕ್ಕೇ ಬಿಡಬೇಕೇ?

ಪರ: ಕೇಳಿ ಹೇಳುವಷ್ಟು ಹೊತ್ತಿಲ್ಲ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ನೋಡಿರುತ್ತೀರಿ. ಈಗ ಅದು ವಸ್ತುಸಂಗ್ರಹಾಲಯ. ನೋಡಿ ಇಳಿದವರಿಗೆ ಒಂದು ಅಚ್ಚರಿ ಉಳಿಯುತ್ತದೆ. ಇಷ್ಟು ಪುಟ್ಟ ದೋಣಿ ದೊಡ್ಡ ಹಡಗನ್ನು ಮುಳುಗಿಸಬಲ್ಲದಾ? ಮುಳುಗಿಸಬಲ್ಲದು. 1971ರ ಡಿಸೆಂಬರ್ 4ರ ರಾತ್ರಿ ಇದೇ ಬಗೆಯ ಕ್ಷಿಪಣಿ ದೋಣಿಗಳು ಕರಾಚಿಯ ಎದುರು ಅದನ್ನೇ ಮಾಡಿದವು. ಪಾಕಿಸ್ತಾನದ ಖೈಬರ್ ಹಡಗಿನವರು ತಮ್ಮತ್ತ ಬರುತ್ತಿದ್ದ ಬೆಳಕನ್ನು ವಿಮಾನ ಅಂದುಕೊಂಡರು. ವಿಮಾನ ಹೊಡೆಯುವ ಗನ್ನುಗಳಿಂದ ಗುಂಡು ಹಾರಿಸಿದರು. ತಾಗಲಿಲ್ಲ. ಏಟು ಬಿದ್ದ ಮೇಲೂ ವಿಮಾನ ದಾಳಿ ಆಗಿದೆ ಎಂದೇ ಸಂದೇಶ ಕಳಿಸಿದರು. ಆಮೇಲೆ ಎರಡನೆಯ ಕ್ಷಿಪಣಿ ಬಂತು. ಹಡಗು ಮುಳುಗಿತು.

ಆ ನಾವಿಕರು ಅಂಜುಬುರುಕರಲ್ಲ, ದಡ್ಡರೂ ಅಲ್ಲ. ಮನುಷ್ಯರ ಕಣ್ಣು, ಕೈಗೆ ಆಗದ ಕೆಲಸ ಅದು.

ಲೆಕ್ಕ ಹಾಕಿ ನೋಡಿ. ಹಡಗು ಹೊಡೆಯುವ ಎಕ್ಸೋಸೆಟ್‌ನಂಥ ಕ್ಷಿಪಣಿ ಅಲೆಗಳ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ಬರುತ್ತದೆ. ವೇಗ ಸೆಕೆಂಡಿಗೆ ಸುಮಾರು 300 ಮೀಟರ್. ಭೂಮಿ ಬಾಗಿರುವುದರಿಂದ ಹಡಗಿನ ರೇಡಾರ್‌ಗೆ ಅದು ಕಾಣುವುದು 25-30 ಕಿಲೋಮೀಟರ್ ದೂರಕ್ಕೆ ಬಂದಾಗ. ಅಂದರೆ ಒಂದೂವರೆ ನಿಮಿಷ. ಅದನ್ನು ದೂರದಲ್ಲೇ ಹೊಡೆಯಲು ಹಡಗು ಬಿಡುವ ಕ್ಷಿಪಣಿಗಳು ಗುರಿ ತಪ್ಪಿದರೆ ಉಳಿಯುವುದು ಕೊನೆಯ ಒಂದೂವರೆ ಕಿಲೋಮೀಟರ್. ಐದು ಸೆಕೆಂಡು.

ಆ ಐದು ಸೆಕೆಂಡಿಗಾಗಿಯೇ ಅಮೆರಿಕದವರು ಫ್ಯಾಲಾಂಕ್ಸ್ ಮಾಡಿದರು. ಆನ್ ಮಾಡಿಟ್ಟರೆ ತಾನೇ ಗುರಿ ಹಿಡಿದು ತಾನೇ ಹೊಡೆಯುವ ಗನ್ ಅದು. 1980ರಿಂದ ಅದು ಹಡಗುಗಳ ಮೇಲಿದೆ. ಬಿಳಿ ಗುಮ್ಮಟದೊಳಗೆ ರೇಡಾರ್, ಕೆಳಗೆ ಆರು ನಳಿಗೆಯ 20 ಮಿಲಿಮೀಟರ್ ಗನ್. ಈಗಿನ ಮಾದರಿ ನಿಮಿಷಕ್ಕೆ 4500 ಗುಂಡು ಹಾರಿಸುತ್ತದೆ. ಆದರೆ ಅದರ ಜಾಣತನ ವೇಗದಲ್ಲಿಲ್ಲ. ಹೊಲ ಕಾಯುವವನು ಕವಣೆ ಬೀಸಿ, ಕಲ್ಲು ಎಲ್ಲಿ ಬಿತ್ತು ಎಂದು ನೋಡಿ, ಮುಂದಿನ ಕಲ್ಲನ್ನು ಸರಿಮಾಡುತ್ತಾನಲ್ಲ, ಅದನ್ನೇ ಈ ಯಂತ್ರ ಮಾಡುತ್ತದೆ. ಬರುವ ಕ್ಷಿಪಣಿಯನ್ನೂ ನೋಡುತ್ತದೆ, ಹೋಗುವ ತನ್ನ ಗುಂಡುಗಳನ್ನೂ ನೋಡುತ್ತದೆ. ಎರಡರ ನಡುವಿನ ಅಂತರ ಅಳೆದು ನಳಿಗೆಯನ್ನು ತಿದ್ದಿಕೊಳ್ಳುತ್ತದೆ. ನಮ್ಮ ಹಡಗುಗಳಲ್ಲಿ ಜಾಸ್ತಿ ಇರುವುದು ರಷ್ಯಾ ಮೂಲದ ಎಕೆ-630. ಅದರದ್ದು 30 ಮಿಲಿಮೀಟರ್ ಗುಂಡು. ಗುರಿ ತೋರಿಸುವ ರೇಡಾರ್ ಬೇರೆ ಕಡೆ ಇರುತ್ತದೆ. ಆ ಕೆಲಸದ ಲಿಂಕ್ಸ್ ವ್ಯವಸ್ಥೆ ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಂಪನಿಯದ್ದು.

ಇಂಥ ಗನ್ ಇದ್ದೂ ಸುಮ್ನೆ ನಿಂತಿದ್ದರೆ ಏನಾಗುತ್ತದೆ? 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಇರಾಕಿನ ವಿಮಾನ ಬಿಟ್ಟ ಎರಡು ಎಕ್ಸೋಸೆಟ್‌ಗಳು ಅಮೆರಿಕದ ಸ್ಟಾರ್ಕ್ ಹಡಗಿಗೆ ಬಡಿದವು. ಫ್ಯಾಲಾಂಕ್ಸ್ ಇತ್ತು, ಆದರೆ ತಾನೇ ಹೊಡೆಯುವ ಸ್ಥಿತಿಯಲ್ಲಿ ಇರಲಿಲ್ಲ. 37 ನಾವಿಕರು ಸತ್ತರು. 2006ರ ಜುಲೈ 14ರಂದು ಲೆಬನಾನ್ ಕರಾವಳಿಯಲ್ಲಿ ಇಸ್ರೇಲಿನ ಹನಿತ್ ಹಡಗಿನದ್ದೂ ಇದೇ ಕಥೆ. ಅಲ್ಲಿ ನಾಲ್ವರು ಹೋದರು. ಈಗ 2024ರ ಜನವರಿ 30ಕ್ಕೆ ಬನ್ನಿ. ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರ ಕ್ಷಿಪಣಿಯೊಂದು ಅಮೆರಿಕದ ಗ್ರೇವ್ಲಿ ಹಡಗಿನ ಒಂದು ಮೈಲಿ ಹತ್ತಿರದವರೆಗೂ ಬಂದುಬಿಟ್ಟಿತ್ತು. ಅದನ್ನು ಉರುಳಿಸಿದ್ದು ಫ್ಯಾಲಾಂಕ್ಸ್. ಆ ಹಡಗಿನ ಮುನ್ನೂರು ಮಂದಿಯ ಮನೆಗಳಿಗೆ ಸಾವಿನ ಸುದ್ದಿ ಹೋಗಲಿಲ್ಲ. ನನಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ವಿರೋಧ: ಆ ಗನ್ ಯಾಕೆ ಸುಮ್ಮನಿತ್ತು?

ಸ್ಟಾರ್ಕ್, ಹನಿತ್ ಹೆಸರು ಬಂದಾಗಲೆಲ್ಲ ಗನ್ ಆನ್ ಮಾಡದಿದ್ದವರನ್ನು ಬೈದು ಮುಗಿಸುತ್ತೇವೆ. ಅವರು ಯಾವ ಕಡಲಲ್ಲಿದ್ದರು ನೋಡಿ. ಕೊಲ್ಲಿಯಲ್ಲಿ ಅಂದು ಅಮೆರಿಕಕ್ಕೆ ಇರಾಕ್ ಶತ್ರುವಲ್ಲ, ಇರಾಕಿನ ವಿಮಾನಗಳು ಓಡಾಡುವುದು ದಿನದ ಮಾತು. ಹನಿತ್‌ನ ಸುತ್ತ ಹಾರುತ್ತಿದ್ದದ್ದು ಇಸ್ರೇಲಿನದ್ದೇ ವಿಮಾನಗಳು. ‘ನೀನು ನಮ್ಮವನಾ?’ ಎಂದು ಕೇಳುವ ಸಾಧನ ಫ್ಯಾಲಾಂಕ್ಸ್‌ಗಿಲ್ಲ. ಅದು ನೋಡುವುದು ವೇಗವನ್ನು ಮತ್ತು ದಿಕ್ಕನ್ನು. ವೇಗವಾಗಿ ನನ್ನತ್ತ ಬರುತ್ತಿದೆಯೇ? ಹಾಗಾದರೆ ಹೊಡೆ. ಇಂಥದ್ದನ್ನು ಸದಾ ಆನ್ ಇಟ್ಟುಕೊಳ್ಳಲು ಯಾವ ಕಪ್ತಾನನಿಗೆ ಧೈರ್ಯ ಬರುತ್ತದೆ? ಪೂರ್ತಿ ನಂಬಲಾಗದ ಯಂತ್ರ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಬೇಕಾದ ಹೊತ್ತಿಗೆ ಏಳುವುದಿಲ್ಲ. ಆ 37 ಸಾವುಗಳಲ್ಲಿ ಯಂತ್ರದ ಪಾಲೂ ಇದೆ ಎಂದೇ ನಾನು ಹೇಳುತ್ತೇನೆ.

ಆನ್ ಮಾಡಿದಾಗ ಏನಾಯಿತು? 1991ರ ಫೆಬ್ರವರಿ 25. ಕುವೈತ್ ಕಡೆಯಿಂದ ಇರಾಕಿನ ಸಿಲ್ಕ್‌ವರ್ಮ್ ಕ್ಷಿಪಣಿ ಮಿಸೌರಿ ಯುದ್ಧನೌಕೆಯತ್ತ ಬಂತು. ಮಿಸೌರಿ ಕ್ಷಿಪಣಿಯ ದಾರಿ ತಪ್ಪಿಸಲು ಲೋಹ ಲೇಪಿಸಿದ ಎಳೆಗಳ ಮೋಡವನ್ನು ಗಾಳಿಗೆ ಚೆಲ್ಲಿತು. ಪಕ್ಕದಲ್ಲಿ ಕಾವಲಿದ್ದ ಜಾರೆಟ್ ಹಡಗಿನ ಫ್ಯಾಲಾಂಕ್ಸ್ ತಾನೇ ಹೊಡೆಯುವ ಸ್ಥಿತಿಯಲ್ಲಿತ್ತು. ಅದು ಆ ಮೋಡವನ್ನೇ ಗುರಿ ಅಂದುಕೊಂಡು ಗುಂಡು ಸುರಿಸಿತು. ಗುಂಡುಗಳು ಮಿಸೌರಿಗೇ ಬಡಿದವು! ನಿಜವಾದ ಕ್ಷಿಪಣಿಯನ್ನು ಉರುಳಿಸಿದ್ದು ಬ್ರಿಟನ್ನಿನ ಗ್ಲಾಸ್ಟರ್ ಹಡಗಿನಿಂದ ಹಾರಿದ ಸೀ ಡಾರ್ಟ್ ಕ್ಷಿಪಣಿ. ಕಾಪಾಡಿದ್ದು ದೂರದ ಏಟು. ಹತ್ತಿರದ ಗನ್ ತನ್ನವರನ್ನೇ ಹೊಡೆಯಿತು.

1996ರ ಜೂನ್‌ನಲ್ಲಿ ಪೆಸಿಫಿಕ್‌ನ ಅಭ್ಯಾಸದಲ್ಲಿ ಜಪಾನಿನ ಯೂಗಿರಿ ಹಡಗಿನ ಫ್ಯಾಲಾಂಕ್ಸ್, ಗುರಿಯನ್ನು ಎಳೆದು ತರುತ್ತಿದ್ದ ಅಮೆರಿಕದ ವಿಮಾನವನ್ನೇ ಬೀಳಿಸಿತು. ಇಬ್ಬರೂ ಹೊರಗೆ ಹಾರಿ ಉಳಿದರು, ಪುಣ್ಯ. ಅಲ್ಲಿ ಗುಂಡಿನ ಅಪ್ಪಣೆ ಬೇಗ ಕೊಟ್ಟದ್ದು ಮನುಷ್ಯನೇ, ಒಪ್ಪುತ್ತೇನೆ. ಆದರೆ ವಿಮಾನ ಯಾವುದು, ಗುರಿ ಯಾವುದು ಎಂಬುದು ಯಂತ್ರಕ್ಕೆ ತಿಳಿಯಲಿಲ್ಲ, ಅಲ್ವಾ?

ಇನ್ನು ಗುರಿ ಸರಿಯಾಗಿ ತಾಗಿದರೂ ಮುಗಿಯಲಿಲ್ಲ. ಅಷ್ಟು ಹತ್ತಿರದಲ್ಲಿ ಒಡೆದ ಕ್ಷಿಪಣಿಯ ಚೂರುಗಳು ಅದೇ ವೇಗದಲ್ಲಿ ಮುಂದೆ ಬರುತ್ತವೆ. 1983ರಲ್ಲಿ ಆಂಟ್ರಿಮ್ ಹಡಗಿನ ಫ್ಯಾಲಾಂಕ್ಸ್ ಅಭ್ಯಾಸದ ಡ್ರೋನ್ ಅನ್ನು ಸರಿಯಾಗಿಯೇ ಹೊಡೆಯಿತು. ಅದರ ಅವಶೇಷ ಬಂದು ಹಡಗಿಗೇ ಬಡಿಯಿತು. ಒಬ್ಬ ತರಬೇತುದಾರ ಸತ್ತ. ಬ್ರಹ್ಮೋಸ್‌ನಂತೆ ಶಬ್ದದ ಸುಮಾರು ಮೂರು ಪಟ್ಟು ವೇಗದ ಕ್ಷಿಪಣಿಯಾದರೆ ಐದು ಸೆಕೆಂಡು ಎಲ್ಲಿಂದ ಬರಬೇಕು? ಎರಡು ಸೆಕೆಂಡೂ ಸಿಗುವುದಿಲ್ಲ. ಫ್ಯಾಲಾಂಕ್ಸ್‌ನಲ್ಲಿ ಒಟ್ಟು 1550 ಗುಂಡು, ಬಿಡದೆ ಹಾರಿಸಿದರೆ ಸುಮಾರು 20 ಸೆಕೆಂಡಿಗೆ ಖಾಲಿ.

ಗನ್ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಸಣ್ಣ ದೋಣಿಗೆ, ನಿಧಾನದ ಡ್ರೋನ್‌ಗೆ ಅದು ಬೇಕು. ಅಲ್ಲಿ ನೋಡಿ ಹೊಡೆಯಲು ಹೊತ್ತಿರುತ್ತದೆ. ವೇಗದ ಕ್ಷಿಪಣಿಗೆ ಬರಾಕ್-8ರಂಥ, ದೂರದಲ್ಲೇ ಹೊಡೆಯುವ ಕ್ಷಿಪಣಿಗಳ ಮೇಲೆ ಭಾರ ಹಾಕಬೇಕು, ಅಲ್ಲೇ ಮುಗಿಸಬೇಕು. ಕೀಲಿ ಮನುಷ್ಯನ ಕೈಯಲ್ಲೇ ಇರಬೇಕು. ಕಾರವಾರದಲ್ಲಿ ನೆಲೆ ಇರುವ ವಿಕ್ರಮಾದಿತ್ಯವನ್ನು ನೆನೆಸಿಕೊಳ್ಳಿ. ರಾತ್ರಿ ಹೊತ್ತು, ಇಂಧನ ಕಡಿಮೆ. ನಮ್ಮದೇ ಮಿಗ್-29ಕೆ ವಿಮಾನ ಇಳಿಯಲು ಬರುತ್ತಿದೆ. ಕೆಳಗೆ, ವೇಗವಾಗಿ, ನೇರ ಹಡಗಿನತ್ತ.